ಕೀರ್ತನೆ 129 ಅಥವಾ 130? ಹಳೆಯ ಇಗರ್ಜಿ ಪುಸ್ತಕಕ್ಕೂ ಕನ್ನಡ ಬೈಬಲಿಗೂ ತಾಳೆಯಾಗುತ್ತಿಲ್ಲ

ಕೋಡಿಬಾಗ ಓದುಗ:
ಕಾರವಾರದ ಕಡೆಯ ಹಳೆಯ ಲ್ಯಾಟಿನ್ ಪ್ರಾರ್ಥನಾ ಪುಸ್ತಕವೊಂದರಲ್ಲಿ, ಸತ್ತವರಿಗಾಗಿ ಹೇಳುವ 'ದೆ ಪ್ರೊಫುಂದಿಸ್' ಕೀರ್ತನೆಗೆ 129 ಎಂಬ ಸಂಖ್ಯೆ ಇದೆ. ಕನ್ನಡ ಬೈಬಲಿನಲ್ಲಿ ಅದು 130. 'ಮಿಸೆರೆರೆ' ಅಲ್ಲಿ 50, ಇಲ್ಲಿ 51. ಓದುಕೂಟಕ್ಕೆ ಪಟ್ಟಿ ಮಾಡಬೇಕಿದೆ. ಎಲ್ಲದಕ್ಕೂ ಒಂದು ಕೂಡಿಸಿದರೆ ಸಾಕೇ? ಭಟ್ಕಳದಿಂದ ಬರುವ ಮುಸ್ಲಿಮರೂ ಇದ್ದಾರೆ, ಅವರಿಗೂ ಪರಿಚಯವೆನಿಸುವ ಕೀರ್ತನೆ ಯಾವುದು?

ಶಿರಸಿ ಪೇಟೆ:
ಎರಡೂ ತಪ್ಪಲ್ಲ ಮಾರಾಯ್ರೆ. ಕನ್ನಡ ಬೈಬಲಿನದು ಹೀಬ್ರೂ ಎಣಿಕೆ. ನಿಮ್ಮ ಲ್ಯಾಟಿನ್ ಪುಸ್ತಕದ್ದು ಗ್ರೀಕ್ ಎಣಿಕೆ. ಅಲೆಕ್ಸಾಂಡ್ರಿಯಾದ ಯಹೂದಿಗಳ ನಡುವೆ ಹುಟ್ಟಿದ ಗ್ರೀಕ್ ಅನುವಾದದಲ್ಲಿ 9 ಮತ್ತು 10 ಸೇರಿ ಒಂದೇ ಕೀರ್ತನೆ. ಸಂತ ಜೆರೋಮ್ ಗ್ರೀಕಿನ ಆಧಾರದ ಮೇಲೆ ತಿದ್ದಿದ ಲ್ಯಾಟಿನ್ ಪಾಠವೇ ಚರ್ಚಿನಲ್ಲಿ ಬಳಕೆಗೆ ನಿಂತದ್ದರಿಂದ ಆ ಸಂಖ್ಯೆಯೇ ಉಳಿಯಿತು.

ಈ ಎರಡನ್ನು ಸೇರಿಸಿದ್ದರಲ್ಲಿ ಅರ್ಥವಿದೆ. 9ರಲ್ಲಿ ಹೀಬ್ರೂ ಅಕ್ಷರಮಾಲೆ 'ಆಲೆಫ್'ನಿಂದ ಶುರುವಾಗುತ್ತದೆ, 10 'ಲಾಮೆದ್'ನಿಂದ ಮುಂದುವರಿದು 'ತಾವ್'ನಲ್ಲಿ ಮುಗಿಯುತ್ತದೆ. ನಡುವೆ ಕೆಲವು ಅಕ್ಷರ ಬಿಟ್ಟುಹೋಗಿವೆ, ಆದರೂ ಸರಣಿ ಒಂದೇ ಎಂಬುದು ಕಾಣುತ್ತದೆ. 10ಕ್ಕೆ ತಲೆಬರಹವೂ ಇಲ್ಲ. ನನಗಂತೂ ಇಲ್ಲಿ ಗ್ರೀಕ್ ಪಾಠವೇ ಸರಿ ಅನಿಸುತ್ತದೆ.

ಲ್ಯಾಟಿನ್ 10ರಿಂದ 112ರವರೆಗೆ ಒಂದು ಕೂಡಿಸಿ, 116ರಿಂದ 145ರವರೆಗೂ ಹಾಗೆಯೇ. 1ರಿಂದ 8 ಮತ್ತು 148ರಿಂದ 150 ಎರಡರಲ್ಲೂ ಒಂದೇ.

ಹೊನ್ನಾವರ ದಂಡೆ:
ಎಡವುವುದು ಉಳಿದ ಸಂಖ್ಯೆಗಳಲ್ಲಿ. ಲ್ಯಾಟಿನ್ 113 ಎಂದರೆ ಹೀಬ್ರೂ 114 ಮತ್ತು 115 ಎರಡೂ. ಲ್ಯಾಟಿನ್ 114ಕ್ಕೆ ಒಂದು ಕೂಡಿಸಿ 115 ತೆರೆದರೆ ಪೂರ್ತಿ ಬೇರೆ ಕೀರ್ತನೆ ಸಿಗುತ್ತದೆ, ಅದು ಇರುವುದು ಹೀಬ್ರೂ 116ರ ಮೊದಲ 9 ವಚನಗಳಲ್ಲಿ. ಲ್ಯಾಟಿನ್ 115 ಅದೇ 116ರ 10ನೇ ವಚನದಿಂದ. ಲ್ಯಾಟಿನ್ 146 ಎಂದರೆ 147ರ 1ರಿಂದ 11, ಲ್ಯಾಟಿನ್ 147 ಎಂದರೆ 12ರಿಂದ 20. ಕೊನೆಗೆ ಒಟ್ಟು ಎರಡರಲ್ಲೂ 150 ಆಗುವುದರಿಂದಲೇ ಪಟ್ಟಿಯ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ವಚನ ಸಂಖ್ಯೆಯನ್ನೂ ನೋಡಿಕೊಳ್ಳಿ. ಹೀಬ್ರೂ ಮುದ್ರಣಗಳಲ್ಲಿ ತಲೆಬರಹಕ್ಕೂ ವಚನ ಸಂಖ್ಯೆ ಇರುತ್ತದೆ. 51ರಲ್ಲಿ ದಾವೀದನ ಪ್ರಸಂಗ ಹೇಳುವ ತಲೆಬರಹವೇ ಎರಡು ವಚನ, ಹಾಗಾಗಿ ಪ್ರಾರ್ಥನೆ ಶುರುವಾಗುವುದು 3ರಿಂದ. ಪಟ್ಟಿಯಲ್ಲಿ ಸಂಖ್ಯೆಯ ಜೊತೆ ಮೊದಲ ಸಾಲನ್ನೂ ಬರೆದುಬಿಡಿ. 1979ರ ಹೊಸ ಲ್ಯಾಟಿನ್ ಬೈಬಲು ಹೀಬ್ರೂ ಸಂಖ್ಯೆ ಮೊದಲು, ಹಳೆಯದು ಕಂಸದಲ್ಲಿ ಕೊಡುತ್ತದೆ: 130 (129). ನೀವೂ ಹಾಗೆಯೇ ಮಾಡಿ.

ಭಟ್ಕಳ ಕಡಲು:
37 ಇಡಿ, ಲ್ಯಾಟಿನ್‌ನಲ್ಲಿ 36. ಅದರ 29ನೇ ವಚನದಲ್ಲಿ ನೀತಿವಂತರು ಭೂಮಿಗೆ ವಾರಸುದಾರರಾಗುತ್ತಾರೆ ಎಂದಿದೆ. ಕುರ್‌ಆನಿನ 21ನೇ ಸೂರಾ (ಅಧ್ಯಾಯ) ಅಲ್-ಅಂಬಿಯಾದ 105ನೇ ಆಯತ್ (ವಚನ), ಇದನ್ನು ಝಬೂರಿನಲ್ಲಿ (ದಾವೀದನಿಗೆ ಕೊಟ್ಟ ಗ್ರಂಥ, ಅಂದರೆ ಕೀರ್ತನೆಗಳು) ಬರೆದಿದ್ದೇವೆ ಎಂದು ಹೇಳಿಯೇ ಆ ಮಾತನ್ನು ತರುತ್ತದೆ. ಹೀಬ್ರೂವಿನ 'ಎರೆತ್ಸ್', ಅರಬ್ಬಿಯ 'ಅರ್ದ್' ಒಂದೇ ಮೂಲದ ಪದಗಳು. ವಾರಸಿಕೆಯ ಕ್ರಿಯಾಪದವೂ ಹಾಗೆಯೇ, ನಮ್ಮ 'ವಾರಸು' ಬಂದದ್ದು ಆ ಅರಬ್ಬಿ ಧಾತುವಿನಿಂದ.

ಇದೇ ಕೀರ್ತನೆಯ 11ನೇ ವಚನ ಯೇಸುವಿನ ಬೆಟ್ಟದ ಮೇಲಣ ಪ್ರಸಂಗದಲ್ಲಿ, ಮತ್ತಾಯ 5:5ರಲ್ಲಿ ಬರುತ್ತದೆ. ಅನುವಾದಗಳಲ್ಲಿ ಒಂದು ಕಡೆ 'ದೇಶ', ಇನ್ನೊಂದು ಕಡೆ 'ಭೂಮಿ' ಎಂದು ಕಂಡರೆ ಗಾಬರಿ ಬೇಡ. 'ಎರೆತ್ಸ್'ಗೆ ಎರಡೂ ಅರ್ಥ ಇದೆ. 11 ಮತ್ತು 29ನ್ನು ಒಟ್ಟಿಗೆ ಓದಿಸಿ, ನಂತರ ಮತ್ತಾಯ, ಆಮೇಲೆ ಆಯತ್.