ಬಳ್ಳಾರಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ಅಮ್ಮನನ್ನು ನೇರವಾಗಿ ಕಳುಹಿಸಲೇ, ನಡುವೆ ಇಳಿಸಿ ಕಳುಹಿಸಲೇ?

ಬಳ್ಳಾರಿಯಿಂದ ಪ್ರಶ್ನೆ: ಅಕ್ಕನ ಬಾಣಂತನಕ್ಕೆ 67 ವರ್ಷದ ಅಮ್ಮ ಒಬ್ಬರೇ ಹೋಗಬೇಕು. ಮಂಡಿನೋವಿದೆ. ಬೆಂಗಳೂರಿನಿಂದ ಎಷ್ಟು ದೂರ, ಎಷ್ಟು ಗಂಟೆ? ನೇರ ಹಾರಾಟವೋ, ದುಬೈ ಮೂಲಕವೋ? ಹೋಗಿ ಬಂದವರು ತಿಳಿಸಿ.

ರಾಯಚೂರು: ನೇರ ಹಾರಾಟ ಸಿಕ್ಕರೆ ಅದೇ, ಎರಡನೆಯ ಮಾತಿಲ್ಲ. ಸುಮಾರು 14,000 ಕಿ.ಮೀ. 2023ರಲ್ಲಿ ನನಗೆ ಹೋಗುವಾಗ 16 ಗಂಟೆ, ಬರುವಾಗ 17 ದಾಟಿತು. ಟಿಕೆಟ್ಟಿಗೆ 38,000 ರೂಪಾಯಿ ಹೆಚ್ಚು ತೆತ್ತೆ. ಮನೆಯವರು ಇಂದಿಗೂ ಎತ್ತಿ ಆಡುತ್ತಾರೆ, ಆಡಲಿ. ಹಿಂದೊಮ್ಮೆ ನಡುದಾರಿಯಲ್ಲಿ ವಿಮಾನ ಬದಲಿಸುವಾಗ ಗಾಲಿಕುರ್ಚಿಗೆ ಕಾದು ಕಾದು, ಕೊನೆಗೆ ಗೋಡೆ ಹಿಡಿದು ನಡೆದಿದ್ದೇನೆ. ಆ ನಡಿಗೆ ಯಾರಿಗೂ ಬೇಡ.

ಕೊಪ್ಪಳ: ನೇರ ಹಾರಾಟವನ್ನು ಹೊಗಳುವವರು ನನ್ನ ಹೆಂಡತಿಯ ಪಾದ ನೋಡಬೇಕಿತ್ತು. ಇಳಿಯುವ ಹೊತ್ತಿಗೆ ಕಾಲುಂಗುರ ಬೆರಳಿನೊಳಗೆ ಹೂತುಹೋಗಿತ್ತು. ಮಗ ಸೋಪು ಹಚ್ಚಿದ, ಕೊಬ್ಬರಿ ಎಣ್ಣೆ ಹಚ್ಚಿದ, ದಾರ ಸುತ್ತಿ ಎಳೆದ. ಕೊನೆಗೆ ಇಕ್ಕಳದಿಂದ ಕತ್ತರಿಸಿದ. ಮದುವೆಯ ದಿನ ಹಾಕಿದ್ದ ಬೆಳ್ಳಿ ಅದು. ಮರುವರ್ಷ ಫ್ರಾಂಕ್‌ಫರ್ಟ್ ಮೂಲಕ ಹೋದೆವು. ಮೊದಲು ಸುಮಾರು 10 ಗಂಟೆ, ಆಮೇಲೆ 11ರ ಮೇಲೆ. ನಡುವೆ ನಾಲ್ಕು ಗಂಟೆ ಅಡ್ಡಾಡಿದಳು, ಪಾದ ಊದಲಿಲ್ಲ.

ರಾಯಚೂರು: ವಿಮಾನದಲ್ಲಿ ಎದ್ದು ಓಡಾಡಬೇಡಿ ಎಂದು ಯಾರು ಕಟ್ಟಿಹಾಕಿದ್ದರು? ನಾನು ಎರಡು ಗಂಟೆಗೊಮ್ಮೆ ಏಳುತ್ತಿದ್ದೆ.

ಕೊಪ್ಪಳ: ಕಿಟಕಿ ಪಕ್ಕದ ಆಸನದಲ್ಲಿದ್ದವಳು ನಿದ್ದೆಯಲ್ಲಿದ್ದ ಇಬ್ಬರನ್ನು ಎಬ್ಬಿಸಬೇಕಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳ ಸಂಕೋಚ ನಿಮಗೆ ತಿಳಿಯದು.

ಸಂಡೂರು: ಇಬ್ಬರೂ ದುಬೈ ವಿಷಯ ಬಿಟ್ಟಿರಿ. ದುಬೈ ದಾರಿಯಲ್ಲೇ ಸಿಗುತ್ತದೆಂದು ನಂಬಿ ನಾನು ಕೆಟ್ಟೆ. ಬೆಂಗಳೂರಿನಿಂದ ಅಲ್ಲಿಗೆ ನಾಲ್ಕೇ ಗಂಟೆ. ಮುಂದಿನ ಹಾರಾಟ ಮತ್ತೆ ಸುಮಾರು 13,000 ಕಿ.ಮೀ., ಹದಿನಾರು ಗಂಟೆ! ಗೋಡೆಯ ನಕ್ಷೆ ನಂಬಬೇಡಿ, ಭೂಗೋಳದ ಮೇಲೆ ದಾರ ಬಿಗಿಯಾಗಿ ಎಳೆದು ನೋಡಿ. ಬೆಂಗಳೂರಿನಿಂದ ಎಳೆದ ದಾರ ಸೈಬೀರಿಯಾ, ಅಲಾಸ್ಕಾದ ಕಡೆಗೆ ಏರುತ್ತದೆ, ದುಬೈ ಕಡೆಗಲ್ಲ.

ಸಿರುಗುಪ್ಪ: ಆಕಾಶದ ಲೆಕ್ಕ ಸಾಕು. ದೇವನಹಳ್ಳಿಗೆ 9,200 ರೂಪಾಯಿಯ ಟ್ಯಾಕ್ಸಿ ಹಿಡಿದೆವು. ಚಳ್ಳಕೆರೆ ದಾಟುವ ಮೊದಲೇ ಟೈರ್ ಸಿಡಿಯಿತು, ಹೆಚ್ಚುವರಿ ಟೈರಿನಲ್ಲಿ ಗಾಳಿ ಇರಲಿಲ್ಲ. ರಾತ್ರಿ ಎರಡೂವರೆಗೆ ಅಪ್ಪ ರಸ್ತೆ ಬದಿಯಲ್ಲಿ ಕಡಕ್ ರೊಟ್ಟಿಯ ಡಬ್ಬಿಯ ಮೇಲೆ ಕುಳಿತಿದ್ದರು. ವಿಮಾನ ತಪ್ಪಿತು. ರಾಯಚೂರಿನವರಿಗೇನು, ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ಹತ್ತಿರ. ಇನ್ನು ಅವರೂರ ಪಕ್ಕದ ಯರಮರಸ್ ವಿಮಾನ ನಿಲ್ದಾಣವೂ ಅವರದೇ.

ರಾಯಚೂರು: ಯರಮರಸ್‌ನಿಂದ ಅಮೆರಿಕಕ್ಕೆ ಯಾರೂ ಹಾರುವುದಿಲ್ಲ. ನಿಮಗೆ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ಇದೆಯಲ್ಲ, ಅದರ ಮಾತೇಕೆ ಎತ್ತುವುದಿಲ್ಲ?

ಸಿರುಗುಪ್ಪ: ಅಲ್ಲಿನ ವಿಮಾನದ ಹೊತ್ತು ನಮ್ಮ ವಿಮಾನಕ್ಕೆ ಕೂಡಿಬರಲಿಲ್ಲ. ವಿಚಾರಿಸದೆ ಹೊರಟೆವೆಂದು ತಿಳಿದಿರಾ?

ಕೊಪ್ಪಳ: ತಂಗಿ, ಅಮ್ಮನ ಕಾಲುಂಗುರವನ್ನು ಮನೆಯಲ್ಲೇ ಬಿಚ್ಚಿಸಿ ಕಳುಹಿಸು.