ಮೊದಲ ದಿನ ಬರೆದ ಒಂಬತ್ತು ನಿಯಮಗಳಲ್ಲಿ ಯಾವುದನ್ನು ಉಳಿಸಿಕೊಳ್ಳಲಿ?

ಹೊಸ ಅತಿಥಿ ಉಪನ್ಯಾಸಕಿ:

ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಈ ವರ್ಷ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೇನೆ. ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ಗಣಿತ ನನ್ನ ಪಾಲಿಗೆ ಬಂದಿದೆ. ತರಗತಿಯಲ್ಲಿ 46 ಮಂದಿ ಇದ್ದಾರೆ. ಮೊದಲ ದಿನ ಭಯದಲ್ಲಿ (ಅವರದಲ್ಲ, ನನ್ನದು) ಬೋರ್ಡಿನ ತುಂಬ ಒಂಬತ್ತು ನಿಯಮಗಳನ್ನು ಬರೆದೆ. 9.30ಕ್ಕೆ ಬಾಗಿಲು ಮುಚ್ಚುತ್ತದೆ, ಮೊಬೈಲ್ ಕಂಡರೆ ಕಿತ್ತುಕೊಳ್ಳುತ್ತೇನೆ, ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಕೇಳಬೇಕು, ಹೋಂವರ್ಕ್ ತಾರದವರು ನಿಂತೇ ಇರಬೇಕು, ಹೀಗೆ. ನನಗೆ ಪಾಠ ಹೇಳಿದವರು ಹೇಳುತ್ತಿದ್ದುದನ್ನೇ ಇಳಿಸಿದ್ದೆ.

ಈಗ ಐದನೆಯ ವಾರ. ಇಂಗ್ಲಿಷಿನ ನಿಯಮ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಹನ್ನೊಂದು ದಿನ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹನ್ನೆರಡನೆಯ ದಿನ ನಾನೇ ಮೈಮರೆತು ಕನ್ನಡದಲ್ಲಿ ವಿವರಿಸಿದೆ, ನಾಲ್ಕು ಕೈಗಳು ಮೇಲೆದ್ದವು.

ಬಾಗಿಲಿನದು ಬೇರೆ ಕಥೆ. ಇಬ್ಬರು ಹುಡುಗಿಯರ ಊರಿನ ಬಸ್ಸು ನಿಲ್ದಾಣಕ್ಕೆ ಬರುವುದೇ 9.35ಕ್ಕೆ. ಅಲ್ಲಿಂದ ಹತ್ತು ನಿಮಿಷ ನಡಿಗೆ. ಮುಚ್ಚಿದ ಬಾಗಿಲನ್ನು ಅವರು ತಟ್ಟುವುದಿಲ್ಲ. ಜಗಲಿಯ ಸಿಮೆಂಟಿನ ಕಟ್ಟೆಯ ಮೇಲೆ ಕುಳಿತು ಕಿಟಕಿಯಿಂದ ಬೋರ್ಡು ನೋಡಿ ಬರೆದುಕೊಳ್ಳುತ್ತಾರೆ. ಮೊನ್ನೆ ಬೋರ್ಡು ಒರೆಸಲು ಡಸ್ಟರ್ ಎತ್ತಿದರೆ ಹೊರಗಿನಿಂದ ದನಿ ಬಂತು: "ಮೇಡಂ, ಒಂದು ನಿಮಿಷ." ಒಳಗಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. 75% ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಆ ಇಬ್ಬರು ಹಾಜರೋ ಗೈರೋ?

ಇನ್ನು ಹೋಂವರ್ಕ್. ಕೇಲಿ–ಹ್ಯಾಮಿಲ್ಟನ್ ಪ್ರಮೇಯವನ್ನು (ಪ್ರತಿ ಚೌಕ ಮ್ಯಾಟ್ರಿಕ್ಸೂ ತನ್ನಿಂದಲೇ ಹುಟ್ಟುವ ಒಂದು ಸಮೀಕರಣಕ್ಕೆ ಹೊಂದುತ್ತದೆ ಎನ್ನುವುದನ್ನು) ತಾಳೆ ನೋಡಿ ಎಂದು ಒಂದು ಸಣ್ಣ ಮ್ಯಾಟ್ರಿಕ್ಸ್, ಅಂದರೆ ಸಾಲುಸಾಲಾಗಿ ಜೋಡಿಸಿದ ಸಂಖ್ಯೆಗಳ ಚೌಕ, ಕೊಟ್ಟಿದ್ದೆ. ಮೊದಲ ಅಡ್ಡಸಾಲು 2, 1. ಎರಡನೆಯದು 1, 2. ಅದರ ವರ್ಗದಿಂದ ಅದರದೇ ನಾಲ್ಕು ಪಟ್ಟನ್ನು ಕಳೆದು, ಏಕಮಾನ ಮ್ಯಾಟ್ರಿಕ್ಸಿನ (1, 0 ಮತ್ತು 0, 1) ಮೂರು ಪಟ್ಟನ್ನು ಕೂಡಿಸಿದರೆ ಸೊನ್ನೆ ಬರಬೇಕು. 14 ಪುಸ್ತಕಗಳಲ್ಲಿ ವರ್ಗ ಮಾಡುವುದೆಂದರೆ ಒಳಗಿನ ಒಂದೊಂದು ಸಂಖ್ಯೆಯನ್ನೂ ಬಿಡಿಬಿಡಿಯಾಗಿ ವರ್ಗ ಮಾಡುವುದು ಎಂದುಕೊಂಡಿದ್ದಾರೆ: 4, 1, 1, 4. ಅಡ್ಡಸಾಲನ್ನು ಕಂಬಸಾಲಿನಿಂದ ಗುಣಿಸಿ ಕೂಡಿಸಬೇಕು, ಆಗ ಬರುವ ನಿಜವಾದದ್ದು 5, 4, 4, 5. ಆ ತಪ್ಪಿನಿಂದ ಮುಂದೆ ಹೋದರೆ ಮೂಲೆಯಲ್ಲಿ 4 − 8 + 3, ಅಂದರೆ −1 ಬರಬೇಕು. ಹದಿನಾಲ್ಕೂ ಪುಸ್ತಕಗಳಲ್ಲಿ ದುಂಡಗೆ 0 ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ!

ಆಂತರಿಕ ಅಂಕ ಇರುವುದೇ 20. ಹೋಂವರ್ಕಿಗೆ ಅಂಕ ಕೊಡಲೋ ಬೇಡವೋ? ಸೆಮಿಸ್ಟರಿನ ನಡುವೆ ನಿಯಮ ಬದಲಿಸಿದರೆ "ಮೇಡಂ ಸಡಿಲ" ಎಂದುಕೊಳ್ಳುತ್ತಾರೆಯೇ? ಅನುಭವಸ್ಥರು ಹೇಳಿ.

ಎಂಜಿನಿಯರಿಂಗ್ ಗಣಿತ:

ಬದಲಿಸಬೇಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ 85% ಹಾಜರಾತಿ ಕೇಳುತ್ತೇವೆ, ಮಕ್ಕಳು ಬರುತ್ತಾರೆ. ಇಬ್ಬರಿಗಾಗಿ ಬಾಗಿಲು ತೆರೆದರೆ ಮುಂದಿನ ವಾರ ಹನ್ನೆರಡು ಮಂದಿಗೆ ಬಸ್ಸು ತಡವಾಗುತ್ತದೆ. ಹೋಂವರ್ಕ್ ನಕಲು ಮಾಡಿದವರೆಲ್ಲರಿಗೂ ಸೊನ್ನೆ ಕೊಡಿ, ಅವರೇ ಬರೆದಿರುವ ಸೊನ್ನೆಯನ್ನು ಅವರಿಗೇ ಕೊಟ್ಟಂತಾಗುತ್ತದೆ. ಮೊದಲ ವರ್ಷ ಕೆಲಸ ಮಾಡುವವರು ಒಳ್ಳೆಯವರಾಗಲು ಹೋಗಬಾರದು.

ಸೀಮೆಸುಣ್ಣ ಬಿಟ್ಟ ಮೇಷ್ಟ್ರು:

ಅಮ್ಮಾ, 31 ವರ್ಷ ಇದೇ ಕೆಲಸ ಮಾಡಿ ಮನೆಯಲ್ಲಿ ಕುಳಿತಿರುವವನು ನಾನು. ನಿಮ್ಮ ಪ್ರಶ್ನೆಯಲ್ಲಿ ಬೆಲೆಬಾಳುವ ವಸ್ತು ಆ ಹದಿನಾಲ್ಕು ಪುಸ್ತಕಗಳು. ನಕಲು ಎಂದು ಬೈದು ಮುಚ್ಚಿಬಿಡಬೇಡಿ.

ಸಂಖ್ಯೆಗಳನ್ನು ಬಿಡಿಬಿಡಿಯಾಗಿ ವರ್ಗ ಮಾಡುವುದು ಮೊದಲ ಸೆಮಿಸ್ಟರಿನ ಹುಟ್ಟುಗುಣ. ಅದು ಒಂದು ಗಂಟೆಯಲ್ಲಿ ವಾಸಿಯಾಗುತ್ತದೆ. ನನ್ನನ್ನು ಕಾಡುವುದು ಆ ಕೊನೆಯ ಸೊನ್ನೆ. −1 ಬಂದದ್ದನ್ನು ಕಂಡವನೂ 0 ಎಂದೇ ಬರೆಯುತ್ತಾನೆ, ಏಕೆಂದರೆ "ತಾಳೆ ನೋಡಿ" ಎಂದು ಕೇಳಿದವರು ನಾವು. ಸೊನ್ನೆ ಬರಬೇಕೆಂದು ಮೊದಲೇ ಹೇಳಿಬಿಟ್ಟಿದ್ದೇವೆ. ಪ್ರಮೇಯ ದೊಡ್ಡದು, ತಾನು ಸಣ್ಣವನು, ಸುಳ್ಳಾಗಬೇಕಾದರೆ ತನ್ನ ಲೆಕ್ಕ ತಾನೇ ಆಗಬೇಕು ಎಂದು ಹುಡುಗ ಅಂಕಿಯನ್ನು ತಿದ್ದುತ್ತಾನೆ. ಅದನ್ನು ನಾನು ಮೋಸ ಎನ್ನಲಾರೆ, ಭಕ್ತಿ ಎನ್ನುತ್ತೇನೆ. ಗಣಿತಕ್ಕೆ ಎರಡೂ ಆಗಿಬರುವುದಿಲ್ಲ.

ಆದ್ದರಿಂದ ನಾನು ಇಟ್ಟುಕೊಂಡಿದ್ದ ನಿಯಮ ಇದು: ಬಂದದ್ದನ್ನೇ ಬರೆಯಬೇಕು. ಸೊನ್ನೆ ಬಾರದಿದ್ದರೆ ಬರಲಿಲ್ಲ ಎಂದು ಬರೆಯಬೇಕು. ಒಮ್ಮೆ ಒಬ್ಬ ಹುಡುಗ ಟೆಸ್ಟಿನಲ್ಲಿ ಇದೇ ಬಗೆಯ ಲೆಕ್ಕ ಮಾಡಿ, ಕೊನೆಯಲ್ಲಿ ಬಂದ −3ರ ಸುತ್ತ ಒಂದು ವೃತ್ತ ಎಳೆದು ಪಕ್ಕದಲ್ಲಿ "ಸರ್, ಎಲ್ಲೋ ತಪ್ಪಿದೆ, ಎರಡು ಸಲ ಹುಡುಕಿದೆ, ಸಿಗಲಿಲ್ಲ" ಎಂದು ಬರೆದಿದ್ದ. ಐದಕ್ಕೆ ನಾಲ್ಕು ಕೊಟ್ಟೆ. ಅದೇ ತಪ್ಪು ಮಾಡಿ ಸೊನ್ನೆ ಬರೆದವರಿಗೆ ಒಂದು. ಗಲಾಟೆಯಾಯಿತು. ನಾಲ್ಕು ಹುಡುಗರು ವಿಭಾಗದ ಮುಖ್ಯಸ್ಥರ ಬಳಿ ಹೋದರು. "ಉತ್ತರ ನಮ್ಮದು ಸರಿ ಸರ್, ಅವನದು ತಪ್ಪು" ಎನ್ನುವುದು ಅವರ ದೂರು. ಮುಖ್ಯಸ್ಥರು ನನ್ನನ್ನು ಕರೆಸಿ ಕೇಳಿದರು, ಹೇಳಿದೆ. ಅವರೂ ಲೆಕ್ಕದ ಮೇಷ್ಟ್ರೇ, ನಕ್ಕು ಕಳುಹಿಸಿದರು. ಮುಂದಿನ ಟೆಸ್ಟಿನಿಂದ ಅಂಚಿನಲ್ಲಿ ಇಂಥ ಬರಹಗಳು ಶುರುವಾದವು. ಮೌಲ್ಯಮಾಪನ ಮಾಡಲು ಮೊದಲ ಬಾರಿ ಬೇಸರವಾಗಲಿಲ್ಲ.

ಇದರ ಜೊತೆಗೆ ರಬ್ಬರು ನಿಷಿದ್ಧ. ಪೆನ್ನಿನಲ್ಲಿ ಬರೆಯಬೇಕು, ತಪ್ಪಿದರೆ ಒಂದೇ ಗೆರೆ ಎಳೆದು ಮುಂದೆ ಹೋಗಬೇಕು, ಹೊಡೆದುಹಾಕಿದ್ದು ನನಗೆ ಕಾಣಬೇಕು. ಗೀಚಿ ಕಪ್ಪು ಮಾಡಿದರೆ ಅಂಕವಿಲ್ಲ. ಹುಡುಗರು ಎಲ್ಲಿ ದಾರಿ ತಪ್ಪಿದರೆಂಬುದು ಅಲ್ಲಿಯೇ ಇರುತ್ತದೆ.

ಈ ಪ್ರಮೇಯಕ್ಕೆ ಹೆಸರು ಕೊಟ್ಟ ಗಣಿತಜ್ಞ ಕೇಲಿಯ ಸಂಗತಿಯನ್ನೂ ತರಗತಿಯಲ್ಲಿ ಹೇಳಿ. 1858ರ ತನ್ನ ಪ್ರಬಂಧದಲ್ಲಿ ಆತ ಎರಡು ಅಡ್ಡಸಾಲಿನ ಮ್ಯಾಟ್ರಿಕ್ಸಿಗೆ ಲೆಕ್ಕ ಮಾಡಿ ತೋರಿಸಿದ, ಮೂರು ಅಡ್ಡಸಾಲಿನದಕ್ಕೂ ನೋಡಿದ್ದೇನೆ ಎಂದ, ಎಲ್ಲಕ್ಕೂ ಸಾಧಿಸುವ ಶ್ರಮ ಬೇಕಿಲ್ಲವೆಂದು ಬಿಟ್ಟ. ಎಲ್ಲ ಗಾತ್ರಕ್ಕೂ ಸಾಧನೆ ಕೊಟ್ಟವನು ಜರ್ಮನಿಯ ಗಣಿತಜ್ಞ ಫ್ರೊಬೇನಿಯಸ್, ಅದೂ 1878ರಲ್ಲಿ. ನನ್ನ ಟೆಸ್ಟಿನಲ್ಲಿ ಕೇಲಿಗೆ ಐದಕ್ಕೆ ಎರಡೂವರೆ ಬರುತ್ತಿತ್ತು ಎಂದರೆ ಹಿಂದಿನ ಬೆಂಚೂ ತಲೆ ಎತ್ತುತ್ತದೆ.

ಬಾಗಿಲನ್ನು ತೆರೆದಿಡಿ. ಬಾಗಿಲ ಪಕ್ಕದ ಕೊನೆಯ ಬೆಂಚು ತಡವಾಗಿ ಬಂದವರಿಗೆ. ಸದ್ದಿಲ್ಲದೆ ಬಂದು ಕೂರಬೇಕು, "ಮೇ ಐ ಕಮಿನ್" ಬೇಡ. ಮೊದಲ ಹದಿನೈದು ನಿಮಿಷ ಹೊಸ ಪಾಠ ಶುರು ಮಾಡಬೇಡಿ, ಹಿಂದಿನ ದಿನದ ಒಂದು ಲೆಕ್ಕವನ್ನು ಒಳಗಿರುವ ಹುಡುಗರಿಂದಲೇ ಬೋರ್ಡಿನ ಮೇಲೆ ಮಾಡಿಸಿ. ಮೇಲಿನ ಮಹನೀಯರ ಆತಂಕ ಸುಳ್ಳಲ್ಲ, ಕೆಲವರು ಕ್ಯಾಂಟೀನಿನಿಂದಲೂ ತಡವಾಗಿ ಬರುತ್ತಾರೆ. ಆದರೆ ಬಸ್ಸಿನವರ ಮುಖ ಬೆವರಿರುತ್ತದೆ, ಟೀ ಕುಡಿದು ಬಂದವರ ಮುಖ ಒರೆಸಿಕೊಂಡಿರುತ್ತದೆ. ಒಂದು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ. ಕಟ್ಟೆಯ ಮೇಲೆ ಕುಳಿತು ಬರೆದುಕೊಂಡ ಇಬ್ಬರಿಗೆ ಆ ದಿನಗಳ ಹಾಜರಾತಿ ಕೊಡಿ. ಒಳಗಿದ್ದ ಹಲವರಿಗಿಂತ ಅವರು ಹೆಚ್ಚು ಹಾಜರಿದ್ದರು.

ನಿಮಗೂ ಒಂದು ನಿಯಮವಿರಲಿ. ಟೆಸ್ಟಿನ ಉತ್ತರಪತ್ರಿಕೆಯನ್ನು ಏಳು ದಿನದೊಳಗೆ ಹಿಂದಿರುಗಿಸುತ್ತೇನೆ, ತಪ್ಪಿದರೆ ತರಗತಿಗೆಲ್ಲ ಕಡಲೆಕಾಯಿ ಎಂದು ನಾನು ಘೋಷಿಸಿದ್ದೆ. ಎರಡು ಸಲ ತೆತ್ತಿದ್ದೇನೆ. ಎರಡನೆಯ ಸಲ ಮಗಳ ಮದುವೆ ಇತ್ತು, ಆದರೂ ರಿಯಾಯಿತಿ ಸಿಗಲಿಲ್ಲ.

ಸಡಿಲ ಎಂದುಕೊಳ್ಳುತ್ತಾರೆ ಎಂದಿರಿ. ನಿಯಮವನ್ನು ಸದ್ದಿಲ್ಲದೆ ಕೈಬಿಟ್ಟರೆ ಹಾಗೆಯೇ ಅಂದುಕೊಳ್ಳುತ್ತಾರೆ. ಒಂಬತ್ತನ್ನೂ ಮತ್ತೆ ಬೋರ್ಡಿನ ಮೇಲೆ ಬರೆದು, ಬೇಡವಾದದ್ದರ ಮೇಲೆ ಎಲ್ಲರೆದುರು ಒಂದು ಗೆರೆ ಎಳೆಯಿರಿ. ಒರೆಸಬೇಡಿ.

ಅಂತಿಮ ವರ್ಷದ ಹುಡುಗ:

ನಾನು ವಿದ್ಯಾರ್ಥಿ, ಹೇಳಬಹುದೋ ಇಲ್ಲವೋ. 2023ರಲ್ಲಿ ಸೇರಿದ ನಮ್ಮ ಬ್ಯಾಚಿಗೆ ಆಂತರಿಕ 40 ಅಂಕ, ಪರೀಕ್ಷೆ 60. ಮರುವರ್ಷ ಸೇರಿದವರಿಗೆ 20 ಮತ್ತು 80. ಒಂದೇ ಕಾಲೇಜಿನಲ್ಲಿ ಎರಡು ಲೆಕ್ಕ. ಅದಕ್ಕೇ ನಾವು ಮೊದಲ ದಿನವೇ "ಅಂಕ ಹೇಗೆ ಹಂಚುತ್ತೀರಿ" ಎಂದು ಕೇಳುವುದು. ಅದನ್ನು ದುರಾಸೆ ಎಂದುಕೊಳ್ಳಬೇಡಿ, ಬರೆದು ತೋರಿಸಿ ಮೇಡಂ.

ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೊದಲ ಸೆಮಿಸ್ಟರಿನಲ್ಲಿ ನನಗೆ ಕಷ್ಟವಾದದ್ದು ಕಲನಶಾಸ್ತ್ರವಲ್ಲ (ಕ್ಯಾಲ್ಕುಲಸ್), "ಇಫ್ ಅಂಡ್ ಓನ್ಲಿ ಇಫ್". ಎರಡು ಕಡೆಯಿಂದಲೂ ಸಾಧಿಸಬೇಕು ಎನ್ನುವುದು ಗೊತ್ತಾಗದೆ ಅರ್ಧ ಬರೆದು ಅರ್ಧ ಅಂಕ ಪಡೆಯುತ್ತಿದ್ದೆ. "ಇದಾದರೆ ಅದು, ಅದಾದರೆ ಇದು, ಎರಡನ್ನೂ ತೋರಿಸು" ಎಂದು ಒಬ್ಬರು ಕನ್ನಡದಲ್ಲಿ ಹೇಳಿದ ದಿನ ತಲೆಯಲ್ಲಿ ದೀಪ ಹತ್ತಿತು. ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಕಷ್ಟವಾಗಲಿಲ್ಲ.

ಇನ್ನೊಂದು ಬೇಡಿಕೆ. ಬೋರ್ಡಿನ ಮೇಲೆ ಲೆಕ್ಕ ಮಾಡುವಾಗ "ಇದು ಸುಲಭ" ಎನ್ನಬೇಡಿ. ಹಾಗೆ ಹೇಳಿದ ಮೇಲೆ ಕೈ ಎತ್ತಲು ಯಾರಿಗೆ ಧೈರ್ಯ ಬರುತ್ತದೆ? ಮೊಬೈಲಿನ ವಿಷಯ: ಕಿತ್ತುಕೊಂಡರೂ ಮನೆಗೆ ಹೋಗಿ ಲೆಕ್ಕದ ಫೋಟೊ ಹೊಡೆದು ಚಾಟ್‌ಜಿಪಿಟಿಗೆ ಕೊಡುತ್ತೇವೆ. ನಿಜ ಹೇಳುತ್ತಿದ್ದೇನೆ. ನಮ್ಮ ಮೇಡಂ ಹೋಂವರ್ಕಿಗೆ ಅಂಕವನ್ನೇ ತೆಗೆದುಬಿಟ್ಟು, ಅದರಲ್ಲಿನ ಒಂದು ಲೆಕ್ಕವನ್ನು ಅಂಕಿ ಬದಲಿಸಿ ಸೋಮವಾರ ಹತ್ತು ನಿಮಿಷದ ಟೆಸ್ಟು ಕೊಡುತ್ತಿದ್ದರು. ಆಗ ಫೋಟೊ ಹೊಡೆದವರೂ ಕುಳಿತು ಓದಲೇಬೇಕಾಯಿತು.

ಮಿಡ್‌ವೆಸ್ಟ್ ಕನ್ನಡಿಗ:

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತ ಮೊದಲ ವರ್ಷದವರಿಗೆ ಕಲನಶಾಸ್ತ್ರದ ಲೆಕ್ಕಗಳನ್ನು ಮಾಡಿಸುತ್ತೇನೆ. ಇಲ್ಲಿ ಮೊದಲ ದಿನವೇ ಪುಟಗಟ್ಟಲೆ ನಿಯಮಪತ್ರ ಕೊಡುತ್ತಾರೆ, ಅದಕ್ಕೆ ಸಿಲಬಸ್ ಎಂದೇ ಹೆಸರು. ಸಣ್ಣ ಟೆಸ್ಟುಗಳಲ್ಲಿ ಅತಿ ಕಡಿಮೆ ಬಂದ ಒಂದೆರಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ನಿಯಮ ಬಹಳ ಕಡೆ ಇದೆ. ಜ್ವರ, ತಾತನ ತಿಥಿ, ಕೆಟ್ಟುನಿಂತ ಬಸ್ಸು ಎಲ್ಲ ಅದರಲ್ಲೇ ಅಡಗುತ್ತವೆ, ಯಾರ ಕಾರಣ ಸುಳ್ಳು ಎಂದು ವಿಚಾರಣೆ ನಡೆಸುವ ಕೆಲಸ ತಪ್ಪುತ್ತದೆ. ಇದನ್ನು ನೀವೂ ಮಾಡಬಹುದು.

ಇಲ್ಲಿ ಬಂದು ನಾನು ಬೆಚ್ಚಿದ್ದು ಬೇರೊಂದಕ್ಕೆ. ಊರಿನಲ್ಲಿ ಓದುವಾಗ ನನ್ನ ಟೆಸ್ಟಿನ ಅಂಕ ಹೆಸರಿನ ಸಮೇತ ನೋಟಿಸ್ ಬೋರ್ಡಿನಲ್ಲಿರುತ್ತಿತ್ತು, 25ಕ್ಕೆ 6 ಬಂದದ್ದನ್ನು ಕ್ಯಾಂಟೀನಿನವನೂ ಓದಿದ್ದ. ಇಲ್ಲಿ ಫೆರ್ಪಾ ಎಂಬ 1974ರ ಕಾಯ್ದೆಯಿದೆ. ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಅವನ ಅಂಕವನ್ನು ಹೀಗೆ ಊರಿಗೆಲ್ಲ ತೋರಿಸುವಂತಿಲ್ಲ. ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ರಾಶಿ ಹಾಕಿ "ಹುಡುಕಿಕೊಳ್ಳಿ" ಎಂದದ್ದಕ್ಕೆ ಮೊದಲ ವಾರವೇ ನನಗೆ ಬುದ್ಧಿ ಹೇಳಿದರು.

ಆಫೀಸ್ ಅವರ್ ಎಂದು ವಾರಕ್ಕೆ ಎರಡು ಗಂಟೆ ಕೋಣೆಯಲ್ಲಿ ಕುಳಿತಿರುತ್ತೇನೆ, ಯಾರು ಬೇಕಾದರೂ ಬಂದು ಕೇಳಬಹುದು. ನಿಮಗೆ ಇದು ಸಾಧ್ಯವೇ?

ಹೊಸ ಅತಿಥಿ ಉಪನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ಕೋಣೆ ಎಲ್ಲಿಂದ ಬರಬೇಕು ಸರ್? ಅತಿಥಿ ಉಪನ್ಯಾಸಕರು ಐದು ಜನಕ್ಕೆ ಒಂದು ಮೇಜಿದೆ, ಅದರ ಒಂದು ಕಾಲಿಗೆ ಹಳೆಯ ಉತ್ತರಪತ್ರಿಕೆಯ ಕಟ್ಟು ಆಸರೆ. ಗುರುವಾರ ಮಧ್ಯಾಹ್ನ ಆ ಸಿಮೆಂಟಿನ ಕಟ್ಟೆಯ ಮೇಲೆಯೇ ಕೂರುತ್ತೇನೆ ಎಂದಿದ್ದೇನೆ. ಮೊದಲ ಗುರುವಾರ ಮೂವರು ಬಂದರು, ಅವರಲ್ಲಿ ಬಸ್ಸಿನ ಇಬ್ಬರೂ ಇದ್ದರು.

ಒಂಬತ್ತು ನಿಯಮಗಳನ್ನು ಮತ್ತೆ ಬರೆದು ಆರರ ಮೇಲೆ ಗೆರೆ ಎಳೆದೆ. ಇಂಗ್ಲಿಷಿನದರ ಮೇಲೆ ಎಳೆದಾಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಕೆಳಗೆ ಎರಡು ಹೊಸದನ್ನು ಸೇರಿಸಿದೆ: ಬಂದದ್ದನ್ನೇ ಬರೆಯಬೇಕು, ಮತ್ತು ಮೇಷ್ಟ್ರ ಕಡಲೆಕಾಯಿ. "ಇದು ಸುಲಭ" ಎನ್ನುವುದನ್ನು ಬಿಡಲು ಪ್ರಯತ್ನಿಸುತ್ತಿದ್ದೇನೆ. ನಿನ್ನೆ ಒಂದೇ ಗಂಟೆಯಲ್ಲಿ ಏಳು ಸಲ ಅಂದೆನಂತೆ, ಮುಂದಿನ ಬೆಂಚಿನವಳೊಬ್ಬಳು ಎಣಿಸಿ ಹೇಳಿದಳು.

ಎಂಜಿನಿಯರಿಂಗ್ ಗಣಿತ:

ಬಾಗಿಲು ತೆರೆದಿದ್ದೀರಿ. ಮುಂದಿನ ತಿಂಗಳು ಎಷ್ಟು ಮಂದಿ ತಡವಾಗಿ ಬರುತ್ತಿದ್ದಾರೆಂದು ಬರೆಯಿರಿ, ಮಾತನಾಡೋಣ. ಅಂಕಿ ಬದಲಿಸಿ ಟೆಸ್ಟು ಕೊಡುವ ಉಪಾಯವನ್ನು ಮಾತ್ರ ನಾನು ತೆಗೆದುಕೊಳ್ಳುತ್ತಿದ್ದೇನೆ.

ಹೊಸ ಅತಿಥಿ ಉಪನ್ಯಾಸಕಿ:

ಬರೆಯುತ್ತೇನೆ ಸರ್, ಬಂದದ್ದನ್ನೇ. ಈ ವಾರ ನಾಲ್ವರು. ಮೊದಲ ಟೆಸ್ಟಿನ 46 ಪತ್ರಿಕೆಗಳಲ್ಲಿ 19 ಮುಗಿದಿವೆ, ಶನಿವಾರಕ್ಕೆ ಏಳು ದಿನ ತುಂಬುತ್ತದೆ. ಮೇಷ್ಟ್ರೇ, 46 ಮಂದಿಗೆ ಕಡಲೆಕಾಯಿ ಎಷ್ಟು ಕೆ.ಜಿ. ಬೇಕು?