ಸಹಾಯ ಬೇಕು: ಪಿಯುಸಿಗೆ ಬಂದ ಮೇಲೆ ಪುಸ್ತಕ ಕಂಡರೇ ಹೆದರುವ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈಗ ಪಿಯುಸಿ ಸೈನ್ಸ್, ಎಲ್ಲವೂ ಇಂಗ್ಲಿಷ್. ವೇಗೋತ್ಕರ್ಷ ಅಂದರೇನು ಅಂತ ಕೇಳಿದರೆ ಬಸ್ಸಿನ ಉದಾಹರಣೆ ಕೊಟ್ಟು ಹೇಳುತ್ತಾಳೆ. ಅದೇ ಬೋರ್ಡಿನ ಮೇಲೆ ‘ಆಕ್ಸಲರೇಷನ್’ ಅಂತ ಕಂಡರೆ ಪೆನ್ನು ಕೆಳಗಿಡುತ್ತಾಳೆ. ಟೆಸ್ಟ್ ದಿನ ಬೆಳಿಗ್ಗೆ ಹೊಟ್ಟೆನೋವು, ಅಂಗೈ ಒದ್ದೆ. ಭಾವ ಸುಮ್ನೆ ನಾಟಕ ಅಂತಾರೆ. ಅಲ್ಲ, ನಾನೇ ಕೈ ಹಿಡಿದು ನೋಡಿದ್ದೇನೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದೆವು. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ಭಯ ಸ್ವಲ್ಪ ಇಳಿದಿದೆ. ಪಾಠ ಮಾತ್ರ ತಲೆಗೆ ಹತ್ತುತ್ತಿಲ್ಲ.

ಹೀಗೇ ಕನ್ನಡ ಮಾಧ್ಯಮದಿಂದ ಬಂದು ದಾಟಿದವರು ಯಾರಾದರೂ ವಾರಕ್ಕೊಮ್ಮೆ ಅರ್ಧ ಗಂಟೆ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತೀರಾ? ಭೌತಶಾಸ್ತ್ರದ ಕನ್ನಡ-ಇಂಗ್ಲಿಷ್ ಪದಪಟ್ಟಿ ಇದ್ದರೂ ಕಳಿಸಿ. ಕೋಚಿಂಗ್ ಸೆಂಟರ್ ಹೆಸರು ಮಾತ್ರ ಬೇಡ, ಒಮ್ಮೆ ಸೇರಿಸಿ ಭಯ ಇನ್ನೂ ಜಾಸ್ತಿ ಆಗಿತ್ತು.